ಕೈ ಕಟ್ಟಿದ ಡಾಟ್‌ನೆಟ್‌ನಲ್ಲಿ ಕಸ್ಟಮ್ ಆಟ್ರಿಬ್ಯೂಟ್ ಓದುವ ಬಗೆ

ಡೆಸ್ಕ್‌ಟಾಪಿಗೆ ಬರೆದ ರಿಫ್ಲೆಕ್ಷನ್ ಕೋಡು, ಅಂದರೆ ಓಡುವಾಗಲೇ ಕ್ಲಾಸು, ಪ್ರಾಪರ್ಟಿಗಳ ವಿವರ ಕೇಳಿ ತಿಳಿಯುವ ಕೋಡು, ಡೆಸ್ಕ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಅದನ್ನೇ ಬಾರ್‌ಕೋಡ್ ಓದುವ ಹ್ಯಾಂಡ್‌ಹೆಲ್ಡ್‌ಗೋ ಫೋನಿಗೋ ಒಯ್ದು ನೋಡಿ. ಮೂರರಲ್ಲಿ ಒಂದು ಆಗುತ್ತದೆ. ಒಂದೋ ಕಂಪೈಲೇ ಆಗುವುದಿಲ್ಲ, ಏಕೆಂದರೆ ಆ ಮೆಥಡ್ ಅಲ್ಲಿಲ್ಲ. ಇಲ್ಲವೇ ಓಡುತ್ತದೆ, ಆದರೆ ತೆವಳುತ್ತದೆ. ಇಲ್ಲವೇ ಎಲ್ಲವೂ ಸರಿಯಾಗಿದ್ದ ಹಾಗೆ ಕಾಣುತ್ತದೆ, ಕೈಗೆ ಬರುವುದು ಮಾತ್ರ ಖಾಲಿ ಅರೇ. ಮೂರೂ ನನಗೆ ಆಗಿವೆ. ಜಾಸ್ತಿ ಕಾಡಿದ್ದು ಮೂರನೆಯದು.

ನಿಮಗೆ ಸಿ ಶಾರ್ಪ್ ಬರುತ್ತದೆ, ಆಟ್ರಿಬ್ಯೂಟ್ ಅಂದರೇನು ಎಂದು ಮೇಲುಮೇಲಾದರೂ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಕ್ಲಾಸು, ಮೆಥಡ್‌ಗಳ ಹೆಸರನ್ನು ಉಚ್ಚರಿಸುವ ಹಾಗೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ಮೊದಲು: ಕೈಯನ್ನು ಯಾವ ಹಗ್ಗದಿಂದ ಕಟ್ಟಿದ್ದಾರೆ?

ಕೋಡು ಆಮೇಲೆ. ನೀವಿರುವ ಫ್ರೇಮ್‌ವರ್ಕ್ ಯಾವ ಬಗೆಯದು ಎಂದು ಮೊದಲು ಗುರುತಿಸಿ. ಒಂದೊಂದರ ಕಾಟ ಒಂದೊಂದು ಥರ, ಮದ್ದೂ ಬೇರೆ ಬೇರೆ.

ಮೊದಲನೆಯದು, ಲೈಬ್ರರಿಯೇ ಸಣ್ಣದು. 2003ರಲ್ಲಿ ಬಂದ ಡಾಟ್‌ನೆಟ್ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಸಣ್ಣ ಮೆಮೊರಿಯ ಸಾಧನಗಳಿಗೆಂದು ಎಷ್ಟೋ ಮೆಥಡ್‌ಗಳನ್ನು ಕೈಬಿಟ್ಟಿದ್ದರು. ಓಡುವಾಗಲೇ ಹೊಸ ಕೋಡು ಹುಟ್ಟಿಸುವ ರಿಫ್ಲೆಕ್ಷನ್ ಎಮಿಟ್ ಇರಲಿಲ್ಲ. ಈನಮ್‌ನ ಬೆಲೆಗಳನ್ನೆಲ್ಲ ಪಟ್ಟಿ ಮಾಡಿಕೊಡುವ ಗೆಟ್‌ವ್ಯಾಲ್ಯೂಸ್ ಕೂಡ ಇರಲಿಲ್ಲ! ಅಂಥ ಹಳೆಯ ಹ್ಯಾಂಡ್‌ಹೆಲ್ಡ್ ಕೋಡನ್ನು ನೋಡಿಕೊಳ್ಳುವ ಕೆಲಸ ಇವತ್ತಿಗೂ ಯಾರದೋ ತಲೆಗೆ ಬೀಳುತ್ತಲೇ ಇರುತ್ತದೆ.

ಎರಡನೆಯದು, ಸಾಮಾನೆಲ್ಲ ಇದೆ, ಆದರೆ ಬೇರೆ ಕಪಾಟಿನಲ್ಲಿ. 2012ರ ವಿಂಡೋಸ್ 8 ಸ್ಟೋರ್ ಆ್ಯಪ್‌ಗಳಲ್ಲಿ ಟೈಪ್ ಎಂಬ ಕ್ಲಾಸನ್ನು ಎರಡಾಗಿ ಸೀಳಿದರು. ಹೆಸರು, ಗುರುತು ಟೈಪ್‌ನಲ್ಲೇ ಉಳಿದವು. ಆಟ್ರಿಬ್ಯೂಟ್, ಪ್ರಾಪರ್ಟಿಗಳ ವಿವರ ಟೈಪ್‌ಇನ್ಫೋ ಎಂಬ ಹೊಸ ಕ್ಲಾಸಿಗೆ ಹೋಯಿತು. 2016ರ ಡಾಟ್‌ನೆಟ್ ಕೋರ್ 1.0 ಕೂಡ ಇದೇ ದಾರಿ ಹಿಡಿಯಿತು. ಜನ ಬಯ್ದುಕೊಂಡರು. 2017ರ ಡಾಟ್‌ನೆಟ್ ಕೋರ್ 2.0ದಲ್ಲಿ ಹಳೆಯ ಮೆಥಡ್‌ಗಳು ಟೈಪ್ ಮೇಲೆ ವಾಪಸ್ ಬಂದವು.

ಮೂರನೆಯದು, ಅನುಮತಿಯ ಕಟ್ಟು. ಬ್ರೌಸರ್ ಒಳಗೆ ಓಡುತ್ತಿದ್ದ ಸಿಲ್ವರ್‌ಲೈಟ್‌ನಲ್ಲಿ ಪ್ರೈವೇಟ್ ಫೀಲ್ಡ್ ಇದೆ ಎಂದು ರಿಫ್ಲೆಕ್ಷನ್ ತೋರಿಸುತ್ತಿತ್ತು. ಅದರ ಬೆಲೆ ಕೇಳಿದರೆ ಎಕ್ಸೆಪ್ಷನ್ ಎಸೆಯುತ್ತಿತ್ತು. ನಿಮ್ಮ ಕೋಡು ನೇರವಾಗಿ ಮುಟ್ಟಲಾಗದ್ದನ್ನು ರಿಫ್ಲೆಕ್ಷನ್ ಮೂಲಕವೂ ಮುಟ್ಟುವ ಹಾಗಿಲ್ಲ. ಅಂಥ ಕಡೆ ಆಟ್ರಿಬ್ಯೂಟ್ ಕ್ಲಾಸನ್ನೂ ಅದನ್ನು ಅಂಟಿಸುವ ಪ್ರಾಪರ್ಟಿಯನ್ನೂ ಪಬ್ಲಿಕ್ ಮಾಡಿಬಿಡಿ, ಅಷ್ಟೆ.

ನಾಲ್ಕನೆಯದು ಕತ್ತರಿ. ಬಳಸದ ಕೋಡನ್ನು ಬಿಲ್ಡ್ ಮಾಡುವಾಗಲೇ ಕತ್ತರಿಸಿ ಬಿಸಾಡುವುದು. ಝಾಮರಿನ್ ಐಓಎಸ್‌ನ ಲಿಂಕರ್, 2015ರ ಡಾಟ್‌ನೆಟ್ ನೇಟಿವ್, 2019ರಲ್ಲಿ ಡಾಟ್‌ನೆಟ್ ಕೋರ್ 3.0 ಜೊತೆ ಬಂದ ಟ್ರಿಮ್ಮಿಂಗ್, 2022ರಲ್ಲಿ ಡಾಟ್‌ನೆಟ್ 7 ಜೊತೆ ಬಂದ ನೇಟಿವ್ ಎಓಟಿ (ಕೋಡನ್ನು ಮೊದಲೇ ಯಂತ್ರದ ಭಾಷೆಗೆ ಕಂಪೈಲ್ ಮಾಡುವುದು), ಗೇಮ್ ಎಂಜಿನ್ ಯುನಿಟಿಯ ಐಎಲ್2ಸಿಪಿಪಿ, ಎಲ್ಲವೂ ಈ ಸಾಲಿನವು. ಖಾಲಿ ಅರೇ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಇದಕ್ಕೆ ಮುಂದೆ ಬರುತ್ತೇನೆ.

ಆಟ್ರಿಬ್ಯೂಟ್ ಎಲ್ಲಿ ಕೂತಿರುತ್ತದೆ?

ಇದೊಂದು ತಿಳಿದರೆ ಅರ್ಧ ಗೋಜಲು ಕಳೆಯಿತು. ಆಟ್ರಿಬ್ಯೂಟ್ ಒಂದು ಚೀಟಿ. ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಅಸೆಂಬ್ಲಿಯ (ಕಂಪೈಲ್ ಆಗಿ ಬರುವ ಡಿಎಲ್ಎಲ್ ಅಥವಾ ಇಎಕ್ಸ್ಇ ಫೈಲಿನ) ಮೆಟಾಡೇಟಾದಲ್ಲಿ, ಅಂದರೆ ಕೋಡಿನ ಬಗೆಗಿನ ವಿವರದಲ್ಲಿ, ಕಸ್ಟಮ್‌ಆಟ್ರಿಬ್ಯೂಟ್ ಎಂಬ ಟೇಬಲ್ ಇದೆ. ಅದರ ಒಂದು ಸಾಲಿನಲ್ಲಿ ಮೂರೇ ವಿಷಯ: ಚೀಟಿ ಯಾರ ಮೇಲೆ ಅಂಟಿದೆ, ಯಾವ ಕನ್‌ಸ್ಟ್ರಕ್ಟರ್ ಕರೆಯಬೇಕು, ಅದಕ್ಕೆ ಕೊಡಬೇಕಾದ ಆರ್ಗ್ಯುಮೆಂಟ್‌ಗಳ ಬೈಟ್‌ಗಳು. ಆಬ್ಜೆಕ್ಟ್ ಎಂಬುದು ಅಲ್ಲಿ ಇಲ್ಲವೇ ಇಲ್ಲ.

ನೀವು ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ಸ್ ಎಂದು ಕೇಳಿದಾಗ ರನ್‌ಟೈಮ್ ಆ ಬೈಟ್‌ಗಳನ್ನು ಬಿಡಿಸಿ, ಕನ್‌ಸ್ಟ್ರಕ್ಟರ್ ಓಡಿಸಿ, ಪ್ರಾಪರ್ಟಿಗಳಿಗೆ ಬೆಲೆ ತುಂಬಿ, ಹೊಸ ಆಬ್ಜೆಕ್ಟ್ ಕೊಡುತ್ತದೆ. ಮತ್ತೊಮ್ಮೆ ಕೇಳಿದರೆ ಮತ್ತೊಂದು ಹೊಸದು. ಅನುಮಾನ ಇದ್ದರೆ ಆಟ್ರಿಬ್ಯೂಟ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಒಂದು ಸ್ಟ್ಯಾಟಿಕ್ ಕೌಂಟರ್ ಇಟ್ಟು ಏರಿಸಿ ನೋಡಿ. ನಾನು ಹಾಗೆ ನೋಡಿದ ದಿನ ಬೆಚ್ಚಿಬಿದ್ದೆ. ಒಂದು ಫೈಲಿನ 2,000 ಸಾಲು ಓದುವಾಗ, ಸಾಲಿಗೆ 14 ಪ್ರಾಪರ್ಟಿಯಂತೆ, ಪ್ರತಿ ಸಲವೂ ಆಟ್ರಿಬ್ಯೂಟ್ ಕೇಳುತ್ತಿದ್ದೆ. ಕೌಂಟರ್ 28,000 ತೋರಿಸಿತು. ಡೆಸ್ಕ್‌ಟಾಪಿನಲ್ಲಿ ಗೊತ್ತೇ ಆಗಿರಲಿಲ್ಲ. ಹ್ಯಾಂಡ್‌ಹೆಲ್ಡ್‌ನಲ್ಲಿ ಬಳಸುವವರು ಸಾಧನ ಕೆಟ್ಟಿದೆ ಎಂದು ವಾಪಸ್ ಕಳಿಸಿದ್ದರು.

ಹೆಜ್ಜೆ 1: ಚೀಟಿಯನ್ನು ಚಿಕ್ಕದಾಗಿ ಬರೆಯಿರಿ

ಒಂದು ಉದಾಹರಣೆ ಹಿಡಿದು ಹೋಗೋಣ. ಹ್ಯಾಂಡ್‌ಹೆಲ್ಡ್‌ನಿಂದ ಬರುವ ಪಠ್ಯ ಫೈಲಿನಲ್ಲಿ ಪ್ರತಿ ಸಾಲೂ 49 ಅಕ್ಷರ ಉದ್ದ. ಮೊದಲ 13 ಅಕ್ಷರ ಬಾರ್‌ಕೋಡ್, ಆಮೇಲೆ 30 ಅಕ್ಷರ ಹೆಸರು, ಕೊನೆಯ 6 ಅಕ್ಷರ ಎಣಿಕೆ. ಕ್ಲಾಸಿನ ಮೇಲೆ ಹೀಗೆ ಗುರುತು ಹಾಕಬೇಕು:

[ಕಾಲಂ(1, 13)]  ಸಂಕೇತ
[ಕಾಲಂ(2, 30)]  ಹೆಸರು
[ಕಾಲಂ(3, 6, ಬಲಕ್ಕೆ = ಟ್ರೂ)]  ಎಣಿಕೆ

ಮೊದಲ ಸಂಖ್ಯೆ ಸರದಿ, ಎರಡನೆಯದು ಉದ್ದ. ಸುಮ್ನೆ ತಮಾಷೆಗೆ ಕನ್ನಡ ಹೆಸರು ಇಟ್ಟಿದ್ದಲ್ಲ. ಸಿ ಶಾರ್ಪ್‌ನಲ್ಲಿ ಕ್ಲಾಸು, ಪ್ರಾಪರ್ಟಿಗಳಿಗೆ ಕನ್ನಡ ಅಕ್ಷರದ ಹೆಸರು ಇಡಬಹುದು. ಭಾಷೆಯ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಸಿಸ್ಟಮ್ ಡಾಟ್ ಆಟ್ರಿಬ್ಯೂಟ್‌ನಿಂದ ಇಳಿದು ಬಂದ ಒಂದು ಸೀಲ್ಡ್ ಕ್ಲಾಸ್ ಮಾಡಿ. ಅದರ ಮೇಲೆ ಆಟ್ರಿಬ್ಯೂಟ್‌ಯೂಸೇಜ್ ಹಾಕಿ, ಗುರಿ ಪ್ರಾಪರ್ಟಿ ಮಾತ್ರ ಎಂದು ಬರೆಯಿರಿ. ಬರೆಯದಿದ್ದರೆ ಅದನ್ನು ಎಲ್ಲಿ ಬೇಕಾದರೂ ಅಂಟಿಸಬಹುದು, ತಪ್ಪು ಜಾಗಕ್ಕೆ ಅಂಟಿಸಿದರೂ ಕಂಪೈಲರ್ ಸುಮ್ಮನಿರುತ್ತದೆ. ಸರದಿ ಮತ್ತು ಉದ್ದ ಕನ್‌ಸ್ಟ್ರಕ್ಟರ್‌ಗೆ ಹೋಗಲಿ. ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎನ್ನುವಂಥ ‘ಬಲಕ್ಕೆ’ ಸೆಟ್ಟರ್ ಇರುವ ಪ್ರಾಪರ್ಟಿ ಆಗಿರಲಿ.

ಆರ್ಗ್ಯುಮೆಂಟ್‌ಗೆ ಏನೇನು ಕೊಡಬಹುದು ಎಂಬುದಕ್ಕೆ ಮಿತಿ ಇದೆ. ಪೂರ್ಣಾಂಕಗಳು, ಫ್ಲೋಟ್, ಡಬಲ್, ಬೂಲಿಯನ್, ಕ್ಯಾರೆಕ್ಟರ್, ಸ್ಟ್ರಿಂಗ್, ಟೈಪ್, ಈನಮ್, ಇವುಗಳ ಒಂದು ಆಯಾಮದ ಅರೇ. ಡೆಸಿಮಲ್ ಆಗುವುದಿಲ್ಲ, ಡೇಟ್‌ಟೈಮ್ ಆಗುವುದಿಲ್ಲ. ತಾರೀಕು ಬೇಕೇ ಬೇಕು ಎಂದರೆ ಸ್ಟ್ರಿಂಗ್ ಆಗಿ ಕೊಟ್ಟು ಓದುವ ಕಡೆ ಬಿಡಿಸಿಕೊಳ್ಳಿ.

ಕನ್‌ಸ್ಟ್ರಕ್ಟರ್ ಒಳಗೆ ಬೆಲೆ ಎತ್ತಿಟ್ಟುಕೊಳ್ಳುವುದು ಬಿಟ್ಟು ಬೇರೇನೂ ಬೇಡ. ಫೈಲ್ ತೆರೆಯುವುದು, ಲಾಗ್ ಬರೆಯುವುದು ಅಲ್ಲಿ ಬೇಡವೇ ಬೇಡ. ಎಕ್ಸೆಪ್ಷನ್ ಬಂದರೂ ಅದು ಅಂಟಿಸಿದ ಜಾಗದಲ್ಲಿ ಬರುವುದಿಲ್ಲ, ಎಲ್ಲೋ ದೂರದಲ್ಲಿ ಓದುವ ಜಾಗದಲ್ಲಿ ಬರುತ್ತದೆ. ಹುಡುಕಿ ಸಾಕಾಗುತ್ತದೆ.

ಹೆಜ್ಜೆ 2: ಪ್ರಾಪರ್ಟಿಗಳ ಪಟ್ಟಿ ತರಿಸಿ

ಹಳೆಯ ದಾರಿಯಲ್ಲಿ ಟೈಪ್‌ನ ಗೆಟ್‌ಪ್ರಾಪರ್ಟೀಸ್ ಕರೆಯಬೇಕು. ಬೈಂಡಿಂಗ್‌ಫ್ಲ್ಯಾಗ್ಸ್ ಕೊಡುವುದಾದರೆ ಪಬ್ಲಿಕ್ ಜೊತೆ ಇನ್‌ಸ್ಟನ್ಸ್ ಕೂಡ ಕೊಡಿ. ಬರೀ ಪಬ್ಲಿಕ್ ಎಂದರೆ ಒಂದೂ ಬರುವುದಿಲ್ಲ, ದೋಷವನ್ನೂ ಹೇಳುವುದಿಲ್ಲ. ನನ್ನ ಪಾಲಿನ ಮೊದಲ ಖಾಲಿ ಅರೇ ಇದೇ. ಅದಕ್ಕೆ ಫ್ರೇಮ್‌ವರ್ಕ್ ಕಾರಣವೇ ಅಲ್ಲ, ನಾನೇ.

ಸೀಳಿದ ಟೈಪ್ ಇರುವ ಕಡೆ ಎರಡು ದಾರಿ ಇವೆ. ಗೆಟ್‌ಟೈಪ್‌ಇನ್ಫೋ ಕರೆದು ಡಿಕ್ಲೇರ್ಡ್‌ಪ್ರಾಪರ್ಟೀಸ್ ನೋಡಬಹುದು. ಅದು ಆ ಕ್ಲಾಸಿನಲ್ಲೇ ಬರೆದ ಪ್ರಾಪರ್ಟಿಗಳನ್ನು ಮಾತ್ರ ಕೊಡುತ್ತದೆ, ತಾಯಿ ಕ್ಲಾಸಿನದು ಬರುವುದಿಲ್ಲ. ಇನ್ನೊಂದು ಗೆಟ್‌ರನ್‌ಟೈಮ್‌ಪ್ರಾಪರ್ಟೀಸ್. ಅದು ಮೇಲಿನಿಂದ ಬಂದದ್ದನ್ನೂ ಕೊಡುತ್ತದೆ, ಜೊತೆಗೆ ಪ್ರೈವೇಟ್, ಸ್ಟ್ಯಾಟಿಕ್ ಎಲ್ಲವನ್ನೂ ಸುರಿಯುತ್ತದೆ. ಜರಡಿ ನೀವೇ ಹಿಡಿಯಬೇಕು. ಗೆಟ್‌ಟೈಪ್‌ಇನ್ಫೋ, ಗೆಟ್‌ರನ್‌ಟೈಮ್‌ಪ್ರಾಪರ್ಟೀಸ್ ಎರಡೂ ಎಕ್ಸ್‌ಟೆನ್ಷನ್ ಮೆಥಡ್‌ಗಳು. ಸಿಸ್ಟಮ್ ಡಾಟ್ ರಿಫ್ಲೆಕ್ಷನ್ ನೇಮ್‌ಸ್ಪೇಸನ್ನು ಯೂಸಿಂಗ್ ಹಾಕದಿದ್ದರೆ ಅಂಥ ಮೆಥಡ್ಡೇ ಇಲ್ಲ ಎನ್ನುತ್ತದೆ ಕಂಪೈಲರ್.

ಬಂದ ಪಟ್ಟಿಯ ಕ್ರಮವನ್ನು ನಂಬಬೇಡಿ. ಡಾಟ್‌ನೆಟ್ 6ರವರೆಗೆ ಗೆಟ್‌ಪ್ರಾಪರ್ಟೀಸ್ ಯಾವ ಕ್ರಮದಲ್ಲಿ ಕೊಡುತ್ತದೆ ಎಂಬುದಕ್ಕೆ ಭರವಸೆಯೇ ಇರಲಿಲ್ಲ. 7ರಿಂದ ಮೆಟಾಡೇಟಾದಲ್ಲಿ ಇರುವ ಕ್ರಮ ಎಂದು ಹೇಳಿದ್ದಾರೆ. ಚೀಟಿಯಲ್ಲಿ ಸರದಿ ಸಂಖ್ಯೆ ಬರೆದದ್ದು ಇದಕ್ಕೇ. ಕ್ಲಾಸಿನಲ್ಲಿ ಮೇಲಿನಿಂದ ಕೆಳಗೆ ಬರೆದಿದ್ದೇನಲ್ಲ, ಹಾಗೇ ಬರುತ್ತದೆ ಎಂದು ಕೂತರೆ ಒಂದು ದಿನ ಹೆಸರಿನ ಜಾಗದಲ್ಲಿ ಎಣಿಕೆ ಬರುತ್ತದೆ.

ಹೆಜ್ಜೆ 3: ಬೇಕಾದ ಚೀಟಿಯನ್ನು ಮಾತ್ರ ಕೇಳಿ

ಪ್ರತಿ ಪ್ರಾಪರ್ಟಿಯ ಮೇಲೂ ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ಸ್ ಕರೆಯಿರಿ. ಅದಕ್ಕೆ ಎರಡು ರೂಪ. ಬರೀ ಬೂಲಿಯನ್ ತೆಗೆದುಕೊಳ್ಳುವುದು ಒಂದು, ಟೈಪ್ ಕೂಡ ತೆಗೆದುಕೊಳ್ಳುವುದು ಇನ್ನೊಂದು. ಯಾವಾಗಲೂ ಟೈಪ್ ಕೊಡುವುದನ್ನೇ ಬಳಸಿ. ಮೊದಲನೆಯ ರೂಪ ಆ ಪ್ರಾಪರ್ಟಿಯ ಮೇಲಿನ ಎಲ್ಲ ಚೀಟಿಗಳನ್ನೂ ಆಬ್ಜೆಕ್ಟ್ ಮಾಡಲು ಹೊರಡುತ್ತದೆ. ಅದರಲ್ಲಿ ಒಂದರ ಅಸೆಂಬ್ಲಿ ಸಾಧನದಲ್ಲಿ ಇಲ್ಲದಿದ್ದರೂ ಸಾಕು, ನಿಮಗೆ ಬೇಡದ ಚೀಟಿಗಾಗಿ ನಿಮ್ಮ ಪ್ರೋಗ್ರಾಂ ಬೀಳುತ್ತದೆ. ಸಣ್ಣ ಸಾಧನದಲ್ಲಿ ಎಲ್ಲ ಡಿಎಲ್ಎಲ್ ಕಾಪಿ ಆಗಿರುವುದಿಲ್ಲ, ಆದ್ದರಿಂದ ಇದು ಅಪರೂಪದ ಮಾತೇನಲ್ಲ.

ಹಳೆಯ ರೂಪ ಆಬ್ಜೆಕ್ಟ್‌ಗಳ ಅರೇ ಕೊಡುತ್ತದೆ. ಚೀಟಿ ಇಲ್ಲದಿದ್ದರೆ ನಲ್ ಅಲ್ಲ, ಉದ್ದ ಸೊನ್ನೆಯ ಅರೇ. ಮೊದಲನೆಯದನ್ನು ತೆಗೆದು ಕಾಸ್ಟ್ ಮಾಡಿಕೊಳ್ಳಿ. ಟೈಪನ್ನು ಕೋನ ಕಂಸದಲ್ಲಿ ಕೊಡುವ ಚೆಂದದ ರೂಪ 2012ರ ಡಾಟ್‌ನೆಟ್ 4.5ರಿಂದ ಬಂದ ಎಕ್ಸ್‌ಟೆನ್ಷನ್ ಮೆಥಡ್. ಅದು ಒಂದೇ ಆಬ್ಜೆಕ್ಟ್ ಕೊಡುತ್ತದೆ, ಇಲ್ಲದಿದ್ದರೆ ನಲ್. ಒಂದಕ್ಕಿಂತ ಜಾಸ್ತಿ ಇದ್ದರೆ ಆಂಬಿಗ್ಯುಯಸ್‌ಮ್ಯಾಚ್ ಎಕ್ಸೆಪ್ಷನ್. ಹಳೆಯ ಫ್ರೇಮ್‌ವರ್ಕ್‌ನಲ್ಲಿ ಆ ರೂಪ ಬೇಕೆನಿಸಿದರೆ ನಾಲ್ಕು ಸಾಲಿನಲ್ಲಿ ನೀವೇ ಬರೆದುಕೊಳ್ಳಬಹುದು, ಕಷ್ಟವೇನಿಲ್ಲ.

ಚೀಟಿ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಈಸ್‌ಡಿಫೈನ್ಡ್ ಸಾಕು. ಅದು ಆಬ್ಜೆಕ್ಟ್ ಹುಟ್ಟಿಸುವುದಿಲ್ಲ.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ.

ಆ ಬೂಲಿಯನ್‌ನ ಹೆಸರು ಇನ್‌ಹೆರಿಟ್. ಟ್ರೂ ಕೊಟ್ಟರೆ ತಾಯಿ ಕ್ಲಾಸಿನ ಪ್ರಾಪರ್ಟಿಯ ಮೇಲಿನ ಚೀಟಿಯೂ ಸಿಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸಿಗುವುದಿಲ್ಲ. ಪ್ರಾಪರ್ಟಿ ಮತ್ತು ಈವೆಂಟ್‌ಗಳ ವಿಷಯದಲ್ಲಿ ಈ ಮೆಥಡ್ ಆ ಬೂಲಿಯನ್ನನ್ನು ನೋಡುವುದೇ ಇಲ್ಲ. ಸಿಸ್ಟಮ್ ಡಾಟ್ ಆಟ್ರಿಬ್ಯೂಟ್ ಕ್ಲಾಸಿನ ಮೇಲೆ ಇರುವ ಅದೇ ಹೆಸರಿನ ಸ್ಟ್ಯಾಟಿಕ್ ಮೆಥಡ್ ಮಾತ್ರ ಸರಿಯಾಗಿ ಮೇಲೆ ಹತ್ತಿ ನೋಡುತ್ತದೆ. ನಿಮ್ಮ ಫ್ರೇಮ್‌ವರ್ಕ್‌ನಲ್ಲಿ ಅದು ಇಲ್ಲದಿದ್ದರೆ ಬೇಸ್‌ಟೈಪ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಅದೇ ಹೆಸರಿನ ಪ್ರಾಪರ್ಟಿ ಹುಡುಕಿ, ಅಲ್ಲಿ ಕೇಳಿ. ಇಂಟರ್‌ಫೇಸ್ ಮೇಲೆ ಅಂಟಿಸಿದ ಚೀಟಿ ಅದನ್ನು ಪಾಲಿಸುವ ಕ್ಲಾಸಿಗೆ ಇಳಿಯುವುದಿಲ್ಲ. ಇನ್‌ಹೆರಿಟ್ ಏನೇ ಹೇಳಲಿ, ಇಳಿಯುವುದಿಲ್ಲ.

ಇನ್ನೊಂದು ನನ್ನ ಎರಡು ದಿನ ತಿಂದಿತ್ತು. ಡೆಸ್ಕ್‌ಟಾಪ್ ಪ್ರಾಜೆಕ್ಟಿಗೂ ಸಾಧನದ ಪ್ರಾಜೆಕ್ಟಿಗೂ ಒಂದೇ ಆಟ್ರಿಬ್ಯೂಟ್ ಫೈಲನ್ನು ಲಿಂಕ್ ಮಾಡಿಕೊಂಡಿದ್ದೆವು. ಪ್ರತಿ ಅಸೆಂಬ್ಲಿಯಲ್ಲೂ ಅದು ಬೇರೆ ಬೇರೆಯಾಗಿ ಕಂಪೈಲ್ ಆಗುತ್ತಿತ್ತು. ಹೆಸರು ಒಂದೇ, ನೇಮ್‌ಸ್ಪೇಸ್ ಒಂದೇ, ಆದರೆ ರನ್‌ಟೈಮ್ ಕಣ್ಣಿಗೆ ಎರಡು ಬೇರೆ ಟೈಪ್. ಡೇಟಾ ಕ್ಲಾಸು ಒಂದು ಅಸೆಂಬ್ಲಿಯ ಚೀಟಿ ಅಂಟಿಸಿಕೊಂಡಿದೆ, ಓದುವವನು ಇನ್ನೊಂದು ಅಸೆಂಬ್ಲಿಯ ಚೀಟಿ ಕೇಳುತ್ತಿದ್ದಾನೆ. ಸಿಗುವುದು ಎಲ್ಲಿಂದ? ಆಟ್ರಿಬ್ಯೂಟ್ ಇರುವ ಅಸೆಂಬ್ಲಿ ಒಂದೇ ಇರಲಿ, ಎಲ್ಲರೂ ಅದನ್ನೇ ರೆಫರ್ ಮಾಡಲಿ. ಅದು ಆಗದ ಹಳೆಯ ಪ್ರಾಜೆಕ್ಟ್ ಆದರೆ ಟೈಪಿನ ಬದಲು ಪೂರ್ತಿ ಹೆಸರನ್ನು ಹೋಲಿಸಿ ನೋಡಬೇಕಾಗುತ್ತದೆ. ಆಗ ಎಲ್ಲ ಚೀಟಿಯನ್ನೂ ಕೇಳುವ ಅಪಾಯದ ರೂಪಕ್ಕೆ ಹೋಗಲೇಬೇಕು, ಗೊತ್ತಿರಲಿ.

ಆಟ್ರಿಬ್ಯೂಟ್ ಕ್ಲಾಸಿನ ಮೇಲೆ ಕಂಡಿಷನಲ್ ಎಂಬ ಇನ್ನೊಂದು ಆಟ್ರಿಬ್ಯೂಟ್ ಇದೆಯೇ ಎಂದೂ ನೋಡಿ. ಡಿಬಗ್ ಎಂಬ ಸಂಕೇತಕ್ಕೆ ಕಟ್ಟಿದ್ದರೆ ರಿಲೀಸ್ ಬಿಲ್ಡ್‌ನಲ್ಲಿ ಕಂಪೈಲರ್ ಚೀಟಿಯನ್ನೇ ಬರೆಯುವುದಿಲ್ಲ.

ಈನಮ್ ಆದರೆ

ಈನಮ್‌ನ ಒಂದೊಂದು ಹೆಸರಿನ ಮೇಲೂ ಚೀಟಿ ಅಂಟಿಸುವುದು ತುಂಬಾ ಕಡೆ ಕಾಣುತ್ತದೆ, ತೆರೆಯ ಮೇಲೆ ತೋರಿಸುವ ಪಠ್ಯಕ್ಕಾಗಿ. ಗೆಟ್‌ವ್ಯಾಲ್ಯೂಸ್ ಇಲ್ಲದ ಫ್ರೇಮ್‌ವರ್ಕ್‌ನಲ್ಲೂ ಇದನ್ನು ಓದಬಹುದು. ಈನಮ್‌ನ ಹೆಸರುಗಳೆಲ್ಲ ಒಳಗೆ ಸ್ಟ್ಯಾಟಿಕ್ ಫೀಲ್ಡ್‌ಗಳೇ. ಆದ್ದರಿಂದ ಪಬ್ಲಿಕ್ ಮತ್ತು ಸ್ಟ್ಯಾಟಿಕ್ ಫ್ಲ್ಯಾಗ್ ಕೊಟ್ಟು ಗೆಟ್‌ಫೀಲ್ಡ್ಸ್ ಕರೆಯಿರಿ. ಸ್ಟ್ಯಾಟಿಕ್ ಎಂದು ಬಿಗಿ ಮಾಡದಿದ್ದರೆ ನಿಜವಾದ ಸಂಖ್ಯೆ ಇಟ್ಟುಕೊಳ್ಳುವ ಒಂದು ಗುಟ್ಟಿನ ಇನ್‌ಸ್ಟನ್ಸ್ ಫೀಲ್ಡೂ ಪಟ್ಟಿಯಲ್ಲಿ ಬಂದು ಕೂರುತ್ತದೆ. ಪ್ರತಿ ಫೀಲ್ಡ್‌ನ ಮೇಲೆ ಚೀಟಿ ಕೇಳಿ, ಗೆಟ್‌ವ್ಯಾಲ್ಯೂಗೆ ನಲ್ ಕೊಟ್ಟು ಬೆಲೆ ತೆಗೆದುಕೊಳ್ಳಿ, ಎರಡನ್ನೂ ಡಿಕ್ಷನರಿಗೆ ಹಾಕಿ.

ಹೆಜ್ಜೆ 4: ಒಮ್ಮೆ ಓದಿ, ನಿಮ್ಮದೇ ಪಟ್ಟಿ ಮಾಡಿಟ್ಟುಕೊಳ್ಳಿ

ಆ 28,000ಕ್ಕೆ ಮದ್ದು ಇದು. ಪ್ರೋಗ್ರಾಂ ಶುರುವಾದಾಗ, ಅಥವಾ ಆ ಕ್ಲಾಸು ಮೊದಲ ಸಲ ಬೇಕಾದಾಗ, ಎಲ್ಲ ಚೀಟಿಗಳನ್ನೂ ಓದಿ ಸಾದಾ ಆಬ್ಜೆಕ್ಟ್‌ಗಳ ಒಂದು ಅರೇ ಕಟ್ಟಿ. ನಮ್ಮ ಉದಾಹರಣೆಯಲ್ಲಿ ಅರೇಯ ಒಂದೊಂದು ಮನೆಯಲ್ಲೂ ನಾಲ್ಕು ವಿಷಯ ಸಾಕು: ಶುರುವಾಗುವ ಜಾಗ, ಉದ್ದ, ಬಲಕ್ಕೆ ಸರಿಸಬೇಕೇ, ಪ್ರಾಪರ್ಟಿಇನ್ಫೋ. ಸರದಿಯ ಪ್ರಕಾರ ಜೋಡಿಸಿ, ಉದ್ದಗಳನ್ನು ಕೂಡುತ್ತಾ ಹೋದರೆ ಶುರುವಿನ ಜಾಗಗಳು 0, 13, 43 ಎಂದು ತಾನಾಗಿ ಬರುತ್ತವೆ. ಆಮೇಲೆ ಆಟ್ರಿಬ್ಯೂಟ್ ಆಬ್ಜೆಕ್ಟ್‌ಗಳ ಅಗತ್ಯವೇ ಇಲ್ಲ, ಅವು ಹೋಗಲಿ.

ಪಟ್ಟಿ ಇಡುವುದೆಲ್ಲಿ? ಜೆನೆರಿಕ್ಸ್ ಇರುವ ಫ್ರೇಮ್‌ವರ್ಕ್ ಆದರೆ ಒಂದು ಸ್ಟ್ಯಾಟಿಕ್ ಜೆನೆರಿಕ್ ಕ್ಲಾಸಿನ ಸ್ಟ್ಯಾಟಿಕ್ ರೀಡ್‌ಓನ್ಲಿ ಫೀಲ್ಡ್‌ನಲ್ಲಿ ಇಡುವುದು ನನಗೆ ಇಷ್ಟ. ಪ್ರತಿ ಟೈಪಿಗೂ ಒಂದೊಂದು ಪ್ರತಿ ತಾನಾಗಿ ಆಗುತ್ತದೆ. ಎರಡು ಥ್ರೆಡ್ ಒಟ್ಟಿಗೆ ಬಂದರೂ ಸ್ಟ್ಯಾಟಿಕ್ ಇನಿಶಿಯಲೈಸರ್ ಒಂದೇ ಸಲ ಓಡುವಂತೆ ರನ್‌ಟೈಮ್ ನೋಡಿಕೊಳ್ಳುತ್ತದೆ, ಲಾಕ್ ಬೇಡ. ಟೈಪ್ ಮುಂಚೆ ಗೊತ್ತಿಲ್ಲದಿದ್ದರೆ ಡಿಕ್ಷನರಿ ಮತ್ತು ಲಾಕ್. ಕನ್‌ಕರೆಂಟ್‌ಡಿಕ್ಷನರಿ 2010ರ ಡಾಟ್‌ನೆಟ್ 4.0 ಜೊತೆ ಬಂದದ್ದು, ಅದಕ್ಕೂ ಹಳೆಯ ಕಡೆ ಅದನ್ನು ಹುಡುಕಬೇಡಿ. ಡಾಟ್‌ನೆಟ್ ಮೈಕ್ರೋ ಫ್ರೇಮ್‌ವರ್ಕ್‌ನಂಥ ಕಡೆ ಜೆನೆರಿಕ್ಸೇ ಇರಲಿಲ್ಲ, ಅಲ್ಲಿ ಹ್ಯಾಶ್‌ಟೇಬಲ್‌ನಲ್ಲೇ ಕೆಲಸ ಸಾಗಿಸಬೇಕು.

ಇನ್ನು ಸಾಲು ಓದುವುದು ಸುಲಭ. ಅರೇಯ ಮೇಲೆ ಓಡಿ, ಸಬ್‌ಸ್ಟ್ರಿಂಗ್ ಕತ್ತರಿಸಿ, ಖಾಲಿ ಜಾಗ ಟ್ರಿಮ್ ಮಾಡಿ, ಸೆಟ್‌ವ್ಯಾಲ್ಯೂ ಕರೆಯಿರಿ. ಎರಡು ಆರ್ಗ್ಯುಮೆಂಟ್‌ನ ಸೆಟ್‌ವ್ಯಾಲ್ಯೂ ಕೂಡ 4.5ರ ಕಾಲದ್ದೇ. ಹಳೆಯದರಲ್ಲಿ ಮೂರನೆಯ ಆರ್ಗ್ಯುಮೆಂಟ್ ನಲ್ ಕೊಡಿ. ಸೆಟ್‌ವ್ಯಾಲ್ಯೂ ಸ್ಟ್ರಿಂಗನ್ನು ಸಂಖ್ಯೆ ಮಾಡಿಕೊಡುವುದಿಲ್ಲ. ಎಣಿಕೆ ಪೂರ್ಣಾಂಕವಾಗಿದ್ದರೆ ಮೊದಲೇ ಪರಿವರ್ತಿಸಿ, ಆಗ ಇನ್ವೇರಿಯಂಟ್ ಕಲ್ಚರ್ (ಯಾವ ದೇಶದ ಬರವಣಿಗೆಯ ಪದ್ಧತಿಗೂ ಅಂಟದ ಸೆಟ್ಟಿಂಗ್) ಕೊಡುವುದನ್ನು ಮರೆಯಬೇಡಿ. ಡೇಟಾ ಕ್ಲಾಸನ್ನು ಸ್ಟ್ರಕ್ಟ್ ಮಾಡಬೇಡಿ. ಸೆಟ್‌ವ್ಯಾಲ್ಯೂ ಬಾಕ್ಸ್ ಆದ ಪ್ರತಿಯನ್ನು ತುಂಬಿಸುತ್ತದೆ, ನಿಮ್ಮ ಕೈಯಲ್ಲಿರುವುದು ಖಾಲಿಯಾಗೇ ಉಳಿಯುತ್ತದೆ.

ಹೆಜ್ಜೆ 5: ಕತ್ತರಿಯಿಂದ ಕಾಪಾಡಿಕೊಳ್ಳುವುದು

ಟ್ರಿಮ್ಮರ್ ಕೆಲಸ ಸರಳ. ಶುರುವಿನ ಮೆಥಡ್‌ನಿಂದ ಹೊರಟು ಯಾರು ಯಾರನ್ನು ಕರೆಯುತ್ತಾರೆ ಎಂದು ನೋಡುತ್ತಾ ಹೋಗುತ್ತದೆ. ಯಾರೂ ಕರೆಯದ್ದನ್ನು ಕತ್ತರಿಸುತ್ತದೆ. ನಮ್ಮ ‘ಎಣಿಕೆ’ ಪ್ರಾಪರ್ಟಿಯ ಸೆಟ್ಟರನ್ನು ಕೋಡಿನಲ್ಲಿ ಯಾರೂ ಹೆಸರು ಹಿಡಿದು ಕರೆದಿಲ್ಲ. ರಿಫ್ಲೆಕ್ಷನ್ ಕರೆಯುತ್ತದೆ, ನಿಜ. ಆದರೆ ಅದು ಓಡುವಾಗಿನ ಮಾತು, ಕತ್ತರಿಗೆ ಕಾಣುವುದಿಲ್ಲ. ಪ್ರಾಪರ್ಟಿ ಹೋದರೆ ಅದರ ಮೇಲಿನ ಚೀಟಿಯೂ ಹೋಯಿತು.

ಇದು ರಿಲೀಸ್ ಬಿಲ್ಡ್‌ನಲ್ಲೇ ಗೊತ್ತಾಗುವುದು. ಡಾಟ್‌ನೆಟ್ ನೇಟಿವ್ ಕಾಲದಲ್ಲಿ ಡಿಬಗ್ ಬಿಲ್ಡ್ ಮಾಮೂಲಿ ಕೋರ್ ಸಿಎಲ್ಆರ್ ಮೇಲೆ ಓಡುತ್ತಿತ್ತು, ರಿಲೀಸ್ ಮಾತ್ರ ನೇಟಿವ್ ಆಗುತ್ತಿತ್ತು. ಮೇಜಿನ ಮೇಲೆ ಎಲ್ಲ ಸರಿ, ಬಳಸುವವರ ಕೈಗೆ ಹೋದ ಮೇಲೆ ಮಿಸ್ಸಿಂಗ್‌ಮೆಟಾಡೇಟಾ ಎಕ್ಸೆಪ್ಷನ್. ಅಲ್ಲಿ ಆರ್‌ಡಿ ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ ಟೈಪ್ ಹೆಸರು ಬರೆದು, ಇದನ್ನು ಉಳಿಸು ಎಂದು ಹೇಳಬೇಕಿತ್ತು.

ಝಾಮರಿನ್ ಮತ್ತು ಯುನಿಟಿಯಲ್ಲಿ ಪ್ರಿಸರ್ವ್ ಎಂಬ ಆಟ್ರಿಬ್ಯೂಟ್ ಅಂಟಿಸಿದರೆ ಲಿಂಕರ್ ಮುಟ್ಟುವುದಿಲ್ಲ. ಇದರಲ್ಲಿ ಒಂದು ಸ್ವಾರಸ್ಯ ಇದೆ. ಲಿಂಕರ್ ನೋಡುವುದು ಹೆಸರನ್ನು ಮಾತ್ರ. ನಿಮ್ಮ ಲೈಬ್ರರಿ ಝಾಮರಿನ್ ಅಥವಾ ಯುನಿಟಿಯನ್ನು ರೆಫರ್ ಮಾಡಬಾರದು ಎಂದಿದ್ದರೆ ಪ್ರಿಸರ್ವ್‌ಆಟ್ರಿಬ್ಯೂಟ್ ಎಂಬ ಕ್ಲಾಸನ್ನು ನೀವೇ ಬರೆದುಕೊಂಡರೂ ನಡೆಯುತ್ತದೆ. ಮೇಲೆ ನಾನು ಎರಡು ದಿನ ಕಳೆದುಕೊಂಡ ಕಥೆಗೆ ಪೂರ್ತಿ ಉಲ್ಟಾ.

ಈಗಿನ ಡಾಟ್‌ನೆಟ್‌ನಲ್ಲಿ ದಾರಿ ಇನ್ನೂ ಚೊಕ್ಕ. ಪ್ರಾಜೆಕ್ಟ್ ಫೈಲಿನಲ್ಲಿ ಈಸ್‌ಎಓಟಿಕಂಪ್ಯಾಟಿಬಲ್ ಎಂಬುದನ್ನು ಟ್ರೂ ಮಾಡಿ. ಇದು ಡಾಟ್‌ನೆಟ್ 8ರಿಂದ ಇದೆ. ಆಗ ಪಬ್ಲಿಷ್ ಮಾಡುವವರೆಗೆ ಕಾಯದೆ ಬಿಲ್ಡ್‌ನಲ್ಲೇ ಎಚ್ಚರಿಕೆಗಳು ಬರುತ್ತವೆ. ಆಬ್ಜೆಕ್ಟ್ ಮೇಲೆ ಗೆಟ್‌ಟೈಪ್ ಕರೆದು, ಅದರ ಮೇಲೆ ಗೆಟ್‌ಪ್ರಾಪರ್ಟೀಸ್ ಕರೆದರೆ ಐಎಲ್2075. ಮೆಥಡ್‌ಗೆ ಪ್ಯಾರಾಮೀಟರ್ ಆಗಿ ಬಂದ ಟೈಪ್ ಮೇಲೆ ಕರೆದರೆ ಐಎಲ್2070. ಟಿ ಎಂಬ ಜೆನೆರಿಕ್ ಪ್ಯಾರಾಮೀಟರ್ ಮೇಲೆ ಆದರೆ ಐಎಲ್2090. ಮೂರರ ಅರ್ಥವೂ ಒಂದೇ: ಈ ಟೈಪಿನ ಪ್ರಾಪರ್ಟಿಗಳನ್ನು ಉಳಿಸಬೇಕು ಎಂದು ನನಗೆ ಯಾರೂ ಹೇಳಿಲ್ಲವಲ್ಲ.

ಹೇಳುವುದು ಹೀಗೆ. ಪಟ್ಟಿ ಕಟ್ಟುವ ಜೆನೆರಿಕ್ ಕ್ಲಾಸಿನ ಟಿ ಮೇಲೆ ಡೈನಾಮಿಕಲಿಆಕ್ಸೆಸ್ಡ್‌ಮೆಂಬರ್ಸ್ ಎಂಬ ಆಟ್ರಿಬ್ಯೂಟ್ ಅಂಟಿಸಿ, ಪಬ್ಲಿಕ್‌ಪ್ರಾಪರ್ಟೀಸ್ ಎಂದು ಕೊಡಿ. ಒಳಗೆ ಟೈಪ್‌ಆಫ್ ಟಿ ಮೇಲೆ ಗೆಟ್‌ಪ್ರಾಪರ್ಟೀಸ್ ಕರೆಯಿರಿ. ಎಚ್ಚರಿಕೆ ಹೋಗುತ್ತದೆ. ಸುಮ್ಮನೆ ಬಾಯಿ ಮುಚ್ಚಿಸಿದ್ದಲ್ಲ. ಆ ಜೆನೆರಿಕ್ ಕ್ಲಾಸನ್ನು ಯಾವ ಯಾವ ಟೈಪಿನೊಂದಿಗೆ ಬಳಸಿದ್ದೀರೋ ಅವುಗಳ ಪಬ್ಲಿಕ್ ಪ್ರಾಪರ್ಟಿಗಳನ್ನೆಲ್ಲ ಟ್ರಿಮ್ಮರ್ ನಿಜಕ್ಕೂ ಉಳಿಸುತ್ತದೆ. ಕತ್ತರಿಗೆ ಹೇಳುವ ಮಾತನ್ನೂ ಆಟ್ರಿಬ್ಯೂಟ್ ಮೂಲಕವೇ ಹೇಳುತ್ತೇವೆ ನೋಡಿ.

ಆದರೆ ಈ ರಕ್ಷಣೆ ಒಂದೇ ಮಟ್ಟಕ್ಕೆ. ‘ಸರಕು’ ಕ್ಲಾಸಿನ ಒಂದು ಪ್ರಾಪರ್ಟಿಯ ಟೈಪ್ ‘ವಿಳಾಸ’ ಎಂಬ ಇನ್ನೊಂದು ಕ್ಲಾಸಾಗಿದ್ದರೆ, ಆ ವಿಳಾಸದ ಒಳಗಿನ ಪ್ರಾಪರ್ಟಿಗಳು ಉಳಿಯುವ ಭರವಸೆ ಇಲ್ಲ. ಮರದ ಹಾಗೆ ಕೆಳಗೆ ಇಳಿಯುತ್ತಾ ಚೀಟಿ ಓದುವ ಕೋಡಿಗೆ ಈ ದಾರಿ ಸಾಲದು.

ಎಚ್ಚರಿಕೆಯನ್ನು ಸಪ್ರೆಸ್ ಮಾಡುವ ಆಟ್ರಿಬ್ಯೂಟೂ ಇದೆ. ಅವಸರದಲ್ಲಿ ಕೈ ಅಲ್ಲಿಗೇ ಹೋಗುತ್ತದೆ. ಬೇಡ. ಆ ಪ್ರಾಪರ್ಟಿ ಯಾಕೆ ಉಳಿಯುತ್ತದೆ ಎಂದು ಒಂದು ಸಾಲಿನಲ್ಲಿ ಕಾರಣ ಬರೆಯಲು ಬಂದರೆ ಮಾತ್ರ ಮಾಡಿ.

ಹೆಜ್ಜೆ 6: ಕಟ್ಟು ತೀರಾ ಬಿಗಿಯಾದರೆ

ಓಡುವಾಗ ಕೇಳಲು ಆಗದಿದ್ದರೆ ಕಂಪೈಲ್ ಮಾಡುವಾಗಲೇ ಕೇಳಿ. 2020ರಲ್ಲಿ ಡಾಟ್‌ನೆಟ್ 5 ಜೊತೆ ಬಂದ ಸೋರ್ಸ್ ಜನರೇಟರ್ ಇದಕ್ಕೆ ಹೇಳಿ ಮಾಡಿಸಿದ್ದು. ಅದು ಕಂಪೈಲರ್ ಒಳಗೇ ಓಡಿ, ‘ಕಾಲಂ’ ಅಂಟಿಸಿದ ಪ್ರಾಪರ್ಟಿಗಳನ್ನು ಹುಡುಕಿ, 0, 13, 43 ಎಂಬ ಜಾಗಗಳನ್ನೂ ನೇರ ಅಸೈನ್‌ಮೆಂಟ್‌ಗಳನ್ನೂ ಸಾದಾ ಸಿ ಶಾರ್ಪ್ ಕೋಡಾಗಿ ಬರೆದುಕೊಡುತ್ತದೆ. ರಿಫ್ಲೆಕ್ಷನ್ನೇ ಇಲ್ಲ, ಕತ್ತರಿಯ ಭಯವೂ ಇಲ್ಲ. ಮೈಕ್ರೋಸಾಫ್ಟ್‌ನ ಸಿಸ್ಟಮ್ ಟೆಕ್ಸ್ಟ್ ಜೆಸಾನ್ ಲೈಬ್ರರಿ ಡಾಟ್‌ನೆಟ್ 6ರಿಂದ ಈ ದಾರಿಯನ್ನೂ ಕೊಡುತ್ತಿದೆ.

ಜನರೇಟರ್ ಬರೆಯುವುದು ಒಂದು ದಿನದ ಕೆಲಸವಲ್ಲ, ಡಿಬಗ್ ಮಾಡುವುದಂತೂ ಬೇಸರದ್ದು. ಮೂರು ಕ್ಲಾಸಿಗೆ ಜನರೇಟರ್ ಬೇಡ. ಆ ಪಟ್ಟಿಯನ್ನು ಕೈಯಲ್ಲೇ ಬರೆದುಬಿಡಿ, ಆಟ್ರಿಬ್ಯೂಟೇ ಬೇಡ. ಮೂವತ್ತು ಕ್ಲಾಸು ಇದ್ದರೆ ಜನರೇಟರ್. ಹಳೆಯ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್ ಕೋಡಾದರೆ ಇನ್ನೊಂದು ಜುಗಾಡ್ ಇದೆ: ಡೆಸ್ಕ್‌ಟಾಪಿನಲ್ಲಿ ಓಡುವ ಒಂದು ಚಿಕ್ಕ ಪ್ರೋಗ್ರಾಂ ಚೀಟಿಗಳನ್ನು ಓದಿ ಕೋಡ್ ಫೈಲ್ ಬರೆಯಲಿ, ಆ ಫೈಲು ಸಾಧನದ ಪ್ರಾಜೆಕ್ಟಿಗೆ ಸೇರಲಿ. ಡೆಸ್ಕ್‌ಟಾಪಿನಲ್ಲಿ ಕನ್‌ಸ್ಟ್ರಕ್ಟರ್ ಓಡಿಸದೆ ಚೀಟಿಯ ಬೆಲೆ ನೋಡಲು ಕಸ್ಟಮ್‌ಆಟ್ರಿಬ್ಯೂಟ್‌ಡೇಟಾ ಎಂಬ ಕ್ಲಾಸಿದೆ. ಅದರಲ್ಲಿ ಈನಮ್ ಬೆಲೆ ಬರೀ ಸಂಖ್ಯೆಯಾಗಿ ಬರುತ್ತದೆ, ಈನಮ್ ಆಗಿ ಕಾಸ್ಟ್ ಮಾಡಿಕೊಳ್ಳುವುದು ನಿಮ್ಮ ಕೆಲಸ.

ಹೆಜ್ಜೆ 7: ಖಾಲಿ ಅರೇಯನ್ನು ಹಿಡಿಯುವುದು

ಚೀಟಿ ಕಾಣೆಯಾದರೆ ರಿಫ್ಲೆಕ್ಷನ್ ಕೂಗಿಕೊಳ್ಳುವುದಿಲ್ಲ. ಪ್ರಾಪರ್ಟಿ ಇಲ್ಲ ಎಂದರೆ ಪಟ್ಟಿ ಒಂದು ಮನೆ ಚಿಕ್ಕದಾಗುತ್ತದೆ, ಅಷ್ಟೇ. ನಮ್ಮ ಪ್ರೋಗ್ರಾಂ ಹೀಗೇ ಮೂರು ವಾರ ಓಡಿತ್ತು. ಫೈಲು ಓದುತ್ತಿತ್ತು, ಹೆಸರು ತೋರಿಸುತ್ತಿತ್ತು, ಎಣಿಕೆ ಮಾತ್ರ ಎಲ್ಲ ಸಾಲಿನಲ್ಲೂ 0. ಸಂಖ್ಯೆಯ ಮೂಲ ಬೆಲೆಯೇ 0 ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸ್ಟಾಕು ಖಾಲಿ ಇದೆ ಎಂದೇ ನಂಬಿದ್ದರು.

ಆವತ್ತಿನಿಂದ ಪಟ್ಟಿ ಕಟ್ಟಿದ ತಕ್ಷಣ ಎರಡು ಪರೀಕ್ಷೆ ಇಡುತ್ತೇನೆ. ಸರದಿ ಸಂಖ್ಯೆಗಳು 1ರಿಂದ ಶುರುವಾಗಿ ನಡುವೆ ಬಿಟ್ಟುಹೋಗದೆ ಇವೆಯೇ? ಉದ್ದಗಳ ಮೊತ್ತ 49 ಆಗಿದೆಯೇ? ಎರಡನೆಯದು ಬೇಕೇ ಬೇಕು, ಏಕೆಂದರೆ ಕೊನೆಯ ಪ್ರಾಪರ್ಟಿ ಹೋದರೆ ನಡುವೆ ಖಾಲಿ ಬೀಳುವುದಿಲ್ಲ, ಮೊದಲ ಪರೀಕ್ಷೆ ಪಾಸಾಗಿಬಿಡುತ್ತದೆ. ಆ 49 ಎಂಬ ಸಂಖ್ಯೆಯನ್ನು ಕ್ಲಾಸಿನ ಮೇಲೆ ಇನ್ನೊಂದು ಚೀಟಿಯಾಗಿ ಅಂಟಿಸಬೇಡಿ. ಅದನ್ನು ಓದುವುದೂ ಇದೇ ದಾರಿಯಲ್ಲಿ ತಾನೆ? ಕಾನ್‌ಸ್ಟಂಟ್ ಆಗಿ ಕೋಡಿನಲ್ಲೇ ಇರಲಿ. ಹೊಂದದಿದ್ದರೆ ಕ್ಲಾಸಿನ ಹೆಸರು, ಸಿಕ್ಕ ಪ್ರಾಪರ್ಟಿಗಳ ಹೆಸರು ಹಾಕಿ ಎಕ್ಸೆಪ್ಷನ್ ಎಸೆಯಿರಿ. ಈ ಪರೀಕ್ಷೆಯನ್ನು ಡಿಬಗ್ ಬಿಲ್ಡ್‌ಗೆ ಮಾತ್ರ ಕಟ್ಟಬೇಡಿ. ಡಿಬಗ್‌ನಲ್ಲಿ ಅದು ಯಾವಾಗಲೂ ಪಾಸೇ ಆಗುತ್ತದೆ.